ಹಿಮದ ದಾರಿಯೂ ಅನುಭವವೆಂಬ ಗುರುವೂ

ನೀರಿಗಿಳಿಯದೆ ಈಜು ಬಾರದೆಂಬ ಮಾತನ್ನು ಈಚೆಗೆ ನಾನು ಕೇಳಿದ್ದು ಕೆರೆಯ ದಂಡೆಯಲ್ಲಲ್ಲ; ಹೊಸದಾಗಿ ಕೊಂಡ ಫೋರ್ ಬೈ ಫೋರ್ ಪಿಕಪ್ಪನ್ನು ಬೆಂಗಳೂರಿನಿಂದ ಓಡಿಸಿಕೊಂಡು ಹೋಗಿ, ಡಿಸೆಂಬರಿನ ಹಿಮದಲ್ಲಿ ಹಿಮಾಚಲದ ಲಾಹೌಲಿನ ಬೆಟ್ಟದ ಕಚ್ಚಾ ದಾರಿಗಳನ್ನು ಹತ್ತುವೆನೆಂದು ಹೊರಟಿದ್ದ, ಅದುವರೆಗೆ ಚಕ್ರದ ಕೆಳಗೆ ಹಿಮವನ್ನು ಕಂಡೇ ಅರಿಯದ ಒಬ್ಬ ತರುಣನ ಬಾಯಲ್ಲಿ. ಮೊದಲು ಬಲ್ಲವರ ಪಕ್ಕದಲ್ಲಿ ಕುಳಿತು ನಾಲ್ಕು ದಿನ ನೋಡಬಾರದೇನಪ್ಪಾ ಎಂದು ಮನೆಯ ಹಿರಿಯರು ಕೇಳಿದುದಕ್ಕೆ ಅವನು ಕೊಟ್ಟ ಉತ್ತರ ಅದು. ಮಾತು ಹಳೆಯದು, ಮಾನ್ಯವಾದುದು. ಆದರೆ ಅದನ್ನು ಆಡುತ್ತಿದ್ದ ಹಿಂದಿನವರು ಹುಡುಗನನ್ನು ಬಾವಿಗಿಳಿಸುವ ಮುನ್ನ ಅವನ ಬೆನ್ನಿಗೆ ಒಣಗಿದ ಸೋರೆಬುರುಡೆಯನ್ನು ಕಟ್ಟುತ್ತಿದ್ದರು, ಸೋದರಮಾವನನ್ನು ಮೊದಲೇ ನೀರಿನಲ್ಲಿ ನಿಲ್ಲಿಸಿರುತ್ತಿದ್ದರು. ಮಾತು ಉಳಿದು ಬುರುಡೆಯೂ ಮಾವನೂ ಮರೆತುಹೋದರು.

ಅನುಭವವು ಗುರುವೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಎಲ್ಲಿ ತಪ್ಪು ಮಾಡಿದೊಡನೆಯೇ ಅದರ ಫಲ ಕಣ್ಣೆದುರಿಗೆ ಬಂದು ನಿಲ್ಲುವುದೋ, ಮತ್ತು ಆ ಫಲವು ತಪ್ಪು ಮಾಡಿದವನು ತಾಳಿಕೊಂಡು ಇನ್ನೊಮ್ಮೆ ಪ್ರಯತ್ನಿಸಬಹುದಾದಷ್ಟು ಸೌಮ್ಯವಾಗಿರುವುದೋ, ಅಲ್ಲಿ ಮಾತ್ರ ಆ ಗುರುವಿನ ಪಾಠ ನಡೆಯುತ್ತದೆ. ಚಳಿಗಾಲದ ಪರ್ವತಮಾರ್ಗದಲ್ಲಿ ಈ ಎರಡು ನಿಬಂಧನೆಗಳೂ ಸಲ್ಲುವುದಿಲ್ಲ. ಅಲ್ಲಿ ಅವಿವೇಕವು ಅನೇಕ ಸಲ ನಿರಪಾಯವಾಗಿ ದಾಟಿಹೋಗುತ್ತದೆ, ದಾಟಿದವನಿಗೆ ತಾನು ನಿಪುಣನೆಂಬ ಭ್ರಮೆಯನ್ನು ಕೊಡುತ್ತದೆ. 2023ರ ಡಿಸೆಂಬರಿನಲ್ಲಿ ಲಾಹೌಲಿನಲ್ಲಿ ವಾಹನಗಳ ಸಾಲು ನಿಂತಿದ್ದಾಗ ಒಬ್ಬಾತ ತನ್ನ ಜೀಪನ್ನು ಚಂದ್ರಾ ನದಿಯೊಳಕ್ಕೇ ಇಳಿಸಿ ಮುಂದೆ ಸಾಗಿದ ದೃಶ್ಯವನ್ನು ದೇಶವೆಲ್ಲ ನೋಡಿತು. ಪೊಲೀಸರು ದಂಡ ವಿಧಿಸಿದರು, ಮೆಚ್ಚಿದವರಿಗೂ ಕೊರತೆಯಿರಲಿಲ್ಲ. ಹಿಮನದಿಗಳ ಕರಗುನೀರನ್ನು ನಂಬಿದ ಆ ಹೊಳೆ ಚಳಿಗಾಲದಲ್ಲಿ ಬಡವಾಗಿರುತ್ತದೆಯೆಂಬುದಕ್ಕೆ ಸಲ್ಲಬೇಕಾದ ಯಶಸ್ಸು ಚಾಲಕನ ಖಾತೆಗೆ ಜಮೆಯಾಯಿತು.

ಇದಕ್ಕಿಂತಲೂ ಸೂಕ್ಷ್ಮವಾದ ವಂಚನೆ ನಾಲ್ಕು ಚಕ್ರಗಳ ಚಾಲನೆಯಲ್ಲಿಯೇ ಅಡಗಿದೆ. ಇಂಜಿನಿನ ಶಕ್ತಿ ನಾಲ್ಕೂ ಚಕ್ರಗಳಿಗೆ ಹಂಚಿಹೋದರೆ ಜಾರುನೆಲದ ಮೇಲೆ ಏರುವುದು ಸುಲಭವಾಗುತ್ತದೆ, ನಿಜ. ಹಿಂಬದಿ ಖಾಲಿಯಿದ್ದು ಹಿಂಚಕ್ರಗಳ ಮೇಲೆ ಭಾರ ಸಾಲದ ಪಿಕಪ್ಪಿಗಂತೂ ಅದು ಅತ್ಯಗತ್ಯ. ಆದರೆ ನಿಲ್ಲಿಸುವ ವಿಷಯದಲ್ಲಿ? ಬ್ರೇಕು ಅತ್ಯಂತ ಅಗ್ಗದ ಕಾರಿನಲ್ಲಿಯೂ ನಾಲ್ಕು ಚಕ್ರಗಳಿಗೇ ಇರುತ್ತದೆ. ಮೂವತ್ತು ಲಕ್ಷ ಕೊಟ್ಟವನಿಗೆ ಐದನೆಯ ಚಕ್ರದ ಬ್ರೇಕನ್ನು ಯಾರೂ ಕೊಟ್ಟಿಲ್ಲ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿರುವ ಗಾಡಿ, ಬ್ರೇಕು ಹಿಡಿದ ಮೇಲೆ, ಒಣ ಡಾಂಬರಿನ ಮೇಲೆ ಸುಮಾರು 9 ಮೀಟರಿನಲ್ಲಿ ನಿಂತರೆ, ಗಟ್ಟಿಯಾಗಿ ತುಳಿದ ಹಿಮದ ಮೇಲೆ 30 ಮೀಟರು ಬೇಕು, ನುಣ್ಣನೆಯ ಮಂಜುಗಡ್ಡೆಯ ಮೇಲೆ 60 ಮೀಟರೂ ಸಾಲದು. ಇದು ಸಮನೆಲದ ಲೆಕ್ಕ. ಹತ್ತು ಅಡಿಗೆ ಒಂದಡಿ ಇಳಿಯುವ ದಾರಿಯಲ್ಲಿ, ಅಂತಹ ಗಡ್ಡೆಯ ಮೇಲೆ, ಟೈರಿನ ಹಿಡಿತವೂ ಇಳಿಜಾರಿನ ಸೆಳೆತವೂ ಸರಿಸಮವಾಗಿ, ಗಾಡಿ ನಿಲ್ಲುವ ಪ್ರಶ್ನೆಯೇ ಏಳುವುದಿಲ್ಲ. ಅದಕ್ಕೆ ಉಪಾಯವಿಲ್ಲದಿಲ್ಲ: ಇಳಿಯತೊಡಗುವ ಮುನ್ನವೇ ಚಕ್ರಗಳಿಗೆ ಚೈನು ಬಿಗಿದು, ಲೋ ಗೇರಿಗೆ ಹಾಕಿ, ಆಳು ನಡೆಯುವ ವೇಗದಲ್ಲಿ ಸಾಗಬೇಕು, ಇಳಿಯತೊಡಗಿದ ಮೇಲೆ ಹೊಳೆದ ಉಪಾಯಕ್ಕೆ ಬೆಲೆಯಿಲ್ಲ. ಏರುವಾಗ ಗಾಡಿ ತೋರಿದ ಸಾಮರ್ಥ್ಯವು ಇಳಿಯುವಾಗಿನ ವಿಷಯದಲ್ಲಿ ಸುಳ್ಳುಸಾಕ್ಷಿಯಾಗುತ್ತದೆ, ಮತ್ತು ಹೊಸಬನು ನಂಬುವುದು ಆ ಸಾಕ್ಷಿಯನ್ನೇ.

ಲಾಹೌಲಿನ ದಿನಚರಿಯೂ ಈ ಸಾಕ್ಷಿಗೆ ಒತ್ತಾಸೆಯಾಗಿ ನಿಲ್ಲುತ್ತದೆ. 2020ರಲ್ಲಿ 9 ಕಿಲೋಮೀಟರ್ ಉದ್ದದ ಅಟಲ್ ಸುರಂಗ ತೆರೆದಂದಿನಿಂದ, ಹಿಂದೆ ರೋಹ್ತಾಂಗ್ ಕಣಿವೆಯ 3,978 ಮೀಟರ್ ಎತ್ತರವು ಚಳಿಗಾಲವಿಡೀ ಮುಚ್ಚಿಡುತ್ತಿದ್ದ ಈ ನಾಡಿಗೆ ಜನ ಬೆಳಗಿನ ತಿಂಡಿ ಮುಗಿಸಿ ಮನಾಲಿಯಿಂದ ಹೋಗಿ ಸಂಜೆಗೆ ಮರಳುತ್ತಾರೆ. ನಡುಹಗಲಿನ ಬಿಸಿಲಿಗೆ ಅಂಚಿನ ಹಿಮ ಕರಗಿ ದಾರಿಗೆ ಅಡ್ಡವಾಗಿ ಸಣ್ಣ ನೀರ ಗೆರೆಗಳು ಹರಿಯುತ್ತವೆ. ಚಕ್ರ ಅವುಗಳನ್ನು ಚಿಮ್ಮಿಸುತ್ತ ಹೋಗುತ್ತದೆ, ಯಾರಿಗೂ ಏನೂ ಅನಿಸುವುದಿಲ್ಲ. ಸೂರ್ಯ ಶಿಖರದ ಹಿಂದೆ ಸರಿದು ನೆರಳು ಬಿದ್ದೊಡನೆ ಅದೇ ಗೆರೆಗಳು ಗಾಜಿನಂತೆ ಗಟ್ಟಿಯಾಗುತ್ತವೆ, ಮೇಲಾಗಿ ಒದ್ದೆ ಡಾಂಬರಿನ ಬಣ್ಣದಲ್ಲಿಯೇ ಇರುತ್ತವೆ. ಮನಾಲಿಗೆ ಮರಳುವ ದಾರಿಯಲ್ಲಿ ಸೋಲಾಂಗಿನ ಇಳಿಜಾರಿನಲ್ಲಿ ಗಾಡಿ ತಾನಾಗಿಯೇ ಜಾರತೊಡಗಿ ಚಾಲಕ ಬಾಗಿಲು ತೆರೆದು ಹೊರಕ್ಕೆ ಹಾರಿಕೊಳ್ಳುವ ದೃಶ್ಯಗಳು ಈಚಿನ ಚಳಿಗಾಲಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡಿವೆ.

ಇಲ್ಲಿ ಒಂದು ಆಕ್ಷೇಪವನ್ನು ಗೌರವದಿಂದ ಕೇಳಬೇಕು. ಹಿಮಾಚಲದ ಟ್ಯಾಕ್ಸಿಯವರೂ, ಸ್ಪಿತಿಗೆ ಹೋಗುವ ಸರ್ಕಾರಿ ಬಸ್ಸಿನ ಚಾಲಕರೂ ಯಾವ ಪಾಠಶಾಲೆಯಲ್ಲಿ ಕಲಿತರು? ಮಾಡುತ್ತ ಮಾಡುತ್ತಲೇ ಕಲಿತವರಲ್ಲವೇ? ಹೌದು, ಆದರೆ ಹೇಗೆ ಮಾಡುತ್ತ? ನಮ್ಮ ಶಿರಾಡಿ ಘಾಟಿಯನ್ನು ಹತ್ತಿಳಿಯುವ ಲಾರಿಗಳನ್ನು ನೋಡಿದವರಿಗೆ ಉತ್ತರ ಗೊತ್ತಿದೆ. ಲಾರಿಯ ಕ್ಲೀನರೆಂಬ ಹುಡುಗನನ್ನು ವಿದ್ಯಾರ್ಥಿಯೆಂದು ಯಾರೂ ಕರೆದಿಲ್ಲ, ಆದರೆ ಅವನಷ್ಟು ಕ್ರಮಬದ್ಧವಾಗಿ ಕಲಿತವನು ವಿಶ್ವವಿದ್ಯಾಲಯಗಳಲ್ಲಿಯೂ ಅಪರೂಪ. ಗಾಜೊರೆಸುವುದು, ಟೈರನ್ನು ರಾಡಿನಿಂದ ಬಡಿದು ಸದ್ದಿನಲ್ಲಿಯೇ ಗಾಳಿ ಅಳೆಯುವುದು, ಏರಿನಲ್ಲಿ ನಿಂತ ಗಾಡಿಯ ಹಿಂಚಕ್ರಕ್ಕೆ ಓಡಿಹೋಗಿ ಕಲ್ಲು ಕೊಡುವುದು, ಹಿಂದಕ್ಕೆ ತೆಗೆಯುವಾಗ ಬಾಡಿಯನ್ನು ತಟ್ಟುತ್ತ ‘ಬರ್ಲಿ, ಬರ್ಲಿ, ಹೋಲ್ಡಾನ್’ ಎಂದು ಕೂಗುವುದು, ಇವುಗಳಲ್ಲಿ ಅವನ ವರ್ಷಗಳು ಕಳೆಯುತ್ತವೆ. ಹತ್ತಿದ ಗೇರಿನಲ್ಲಿಯೇ ಇಳಿಯಬೇಕೆಂಬ ಸೂತ್ರವು ಸ್ಟಿಯರಿಂಗ್ ಮುಟ್ಟುವುದಕ್ಕೆ ಬಹಳ ಮೊದಲೇ ಅವನ ಕಿವಿಗೆ ಇಂಜಿನಿನ ಸ್ವರವಾಗಿ ಇಳಿದಿರುತ್ತದೆ. ಆಮೇಲೆ ಒಂದು ರಾತ್ರಿ, ಬಯಲುನೆಲದ ಖಾಲಿ ರಸ್ತೆಯಲ್ಲಿ, ಡ್ರೈವರಣ್ಣನು ‘ಸ್ವಲ್ಪ ಹಿಡಿಯೋ’ ಎಂದು ಜಾಗ ಬಿಡುತ್ತಾನೆ, ತಾನು ಮಾತ್ರ ನಿದ್ರಿಸುವುದಿಲ್ಲ. ಅನುಭವದಿಂದ ಕಲಿಯುವುದೆಂದರೆ ಇದು: ಇನ್ನೊಬ್ಬನ ಅನುಭವದ ನೆರಳಿನಲ್ಲಿ ನಿಂತು ತನ್ನದನ್ನು ಸಂಪಾದಿಸುವುದು. ಹಣ ತೆತ್ತು ಗಾಡಿಯನ್ನು ಕೊಂಡವನು ಈ ಉಮೇದುವಾರಿಯನ್ನೇ ತನ್ನ ಘನತೆಗೆ ಕುಂದೆಂದು ಎಣಿಸಿ ಬಿಟ್ಟುಬಿಡುತ್ತಾನೆ.

ಎರಡನೆಯ ಆಕ್ಷೇಪ ಯಂತ್ರಶಾಸ್ತ್ರದ್ದು: ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಬ್ರೇಕು, ಇಳಿಜಾರಿನಲ್ಲಿ ವೇಗವನ್ನು ತಾನೇ ಹಿಡಿದಿಡುವ ವ್ಯವಸ್ಥೆ, ಇವೆಲ್ಲ ಇರುವಾಗ ಕೈಚಳಕದ ಗೋಜೇಕೆ? ಇವು ಉಪಕಾರಿಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇರುವ ಹಿಡಿತವನ್ನು ಇವು ಜಾಣತನದಿಂದ ಬಳಸಬಲ್ಲವೇ ಹೊರತು ಇಲ್ಲದುದನ್ನು ಹುಟ್ಟಿಸಲಾರವು. ಸಡಿಲವಾದ ಹೊಸ ಹಿಮದಲ್ಲಿಯಂತೂ, ಕಚ್ಚಿಕೊಂಡ ಚಕ್ರದ ಮುಂದೆ ರಾಶಿಬಿದ್ದು ಗಾಡಿಗೆ ಅಡ್ಡಗಟ್ಟಬಹುದಾಗಿದ್ದ ಹಿಮವನ್ನು ಆ ಬ್ರೇಕು ರಾಶಿಯಾಗಗೊಡದೆ, ನಿಲ್ಲುವ ದೂರವನ್ನು ಹೆಚ್ಚಿಸುವುದೂ ಉಂಟು. ಕಂತಿನ ಗಾಡಿಯೂ ನನ್ನದು, ಪ್ರಾಣವೂ ನನ್ನದು ಎಂಬ ಮೂರನೆಯ ವಾದಕ್ಕೆ, ಹುಡುಕಲು ಬರುವವರ ಪ್ರಾಣ ಯಾರದೆಂದು ಕೇಳಿದರೆ ಸಾಕು.

ಮತ್ತು ಕಲಿಯಬೇಕಾದುದೆಲ್ಲ ಚಾಲನೆಯೂ ಅಲ್ಲ. 2022ರ ಜನವರಿಯಲ್ಲಿ ಪಾಕಿಸ್ತಾನದ ಮರ್ರಿಯಲ್ಲಿ ಹಿಮಪಾತಕ್ಕೆ ಸಿಕ್ಕಿ ವಾಹನಗಳ ಸಾಲಿನಲ್ಲಿಯೇ ರಾತ್ರಿ ಕಳೆಯಬೇಕಾಗಿ ಬಂದವರ ಪೈಕಿ 20ಕ್ಕೂ ಹೆಚ್ಚು ಮಂದಿ ಸತ್ತರು. ಚಳಿಯಂತೆಯೇ ವಿಷಾನಿಲವೂ ಆ ಸಾವುಗಳಿಗೆ ಕಾರಣವೆಂದು ವರದಿಯಾಯಿತು. ನಿಂತ ಗಾಡಿಯ ಹೊಗೆಕೊಳವೆಯನ್ನು ಹಿಮ ಮುಚ್ಚಿದಾಗ, ಬೆಚ್ಚಗಿರಲೆಂದು ಇಂಜಿನನ್ನು ಓಡಿಸುತ್ತ ಕುಳಿತವರನ್ನು ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡು ನಿದ್ರೆಯಲ್ಲಿಯೇ ಕೊಲ್ಲುತ್ತದೆ. ಆಗಾಗ ಇಳಿದು ಕೊಳವೆಯ ಬಾಯನ್ನು ಸಲಿಕೆಯಿಂದ ಬಿಡಿಸಬೇಕೆಂಬ ಒಂದು ವಾಕ್ಯದ ತಿಳಿವಳಿಕೆಯನ್ನು ಯಾವ ಅನುಭವ, ಯಾರಿಗೆ, ಎಷ್ಟನೆಯ ಸಲಕ್ಕೆ ಕಲಿಸೀತು?

ಹಿಮ ಬಿದ್ದ ದಿನಗಳಲ್ಲಿ ಮನಾಲಿಯಿಂದ ಮೇಲಕ್ಕೆ ಫೋರ್ ಬೈ ಫೋರ್ ಗಾಡಿಗಳನ್ನು ಮಾತ್ರ ಬಿಡುವ ಪದ್ಧತಿಯಿದೆ. ಒಳ್ಳೆಯದೇ, ಆದರೆ ಅದು ಗಾಡಿಯನ್ನು ಪರೀಕ್ಷಿಸುತ್ತದೆ, ಓಡಿಸುವವನನ್ನಲ್ಲ. ಚೈನು ತಂದಿದ್ದೀಯೋ ಎಂದು ಕೇಳುವ ಪೊಲೀಸಿನವರು, ಹಾಗಾದರೆ ಇಲ್ಲೇ ಹಾಕಿ ತೋರಿಸು ಎಂದೂ ಕೇಳುವಂತಾಗಬೇಕು; ಬಾರದವನು ಆ ದಿನದ ಮಟ್ಟಿಗೆ ಸ್ಥಳೀಯ ಚಾಲಕನೊಬ್ಬನಿಗೆ ಕೂಲಿ ಕೊಟ್ಟು, ತನ್ನ ಗಾಡಿಯ ಕೀಲಿಯನ್ನು ಅವನ ಕೈಗಿತ್ತು, ಎಡಗಡೆಯ ಸೀಟಿನಲ್ಲಿ ಕ್ಲೀನರಾಗಿ ಕುಳಿತುಕೊಳ್ಳಲಿ. ಇದು ಟ್ಯಾಕ್ಸಿಯವರಿಗೆ ಹಣ ಮಾಡಿಕೊಡುವ ಹಂಚಿಕೆಯೆಂದು ಯಾರಾದರೂ ದೂರಿದರೆ ನಾನು ವಾದಿಸಲು ಹೋಗುವುದಿಲ್ಲ. ಗುರುದಕ್ಷಿಣೆಯಿಲ್ಲದ ವಿದ್ಯೆಯನ್ನು ನಮ್ಮವರು ಯಾವ ಕಾಲದಲ್ಲಿಯೂ ನಂಬಿದ್ದಿಲ್ಲ.