ಮೋಡದ ಮರೆಯ ಬೆಟ್ಟ

2021ನೆಯ ಡಿಸೆಂಬರ್ 8ರಂದು ಸೂಲೂರಿನಿಂದ ವೆಲ್ಲಿಂಗ್ಟನ್ನಿಗೆ ಹೊರಟ ವಾಯುಸೇನೆಯ ಹೆಲಿಕಾಪ್ಟರು ಕೂನೂರಿನ ಬಳಿ ಬೆಟ್ಟದ ಕಾಡಿನಲ್ಲಿ ಉರುಳಿ, ರಕ್ಷಣಾಪಡೆಗಳ ಮುಖ್ಯಸ್ಥ ಜನರಲ್ ಬಿಪಿನ್ ರಾವತರೂ ಸೇರಿ ಹದಿಮೂರು ಮಂದಿ ಮಡಿದುದನ್ನು ವಾಚಕರು ಮರೆತಿರಲಾರರು. ಬದುಕುಳಿದಿದ್ದ ಒಬ್ಬರೇ ಒಬ್ಬರು, ಗ್ರೂಪ್ ಕ್ಯಾಪ್ಟನ್ ವರುಣ್ ಸಿಂಗರು, ನಮ್ಮ ಪುಲಿಕೇಶಿನಗರಕ್ಕೆ ಕೆಲವೇ ಮೈಲಿ ದೂರದ ಕಮಾಂಡ್ ಆಸ್ಪತ್ರೆಯಲ್ಲಿ ಒಂದು ವಾರದ ತರುವಾಯ ಪ್ರಾಣಬಿಟ್ಟರು.

ಯಂತ್ರದಲ್ಲಿ ಕೆಡುಕಿರಲಿಲ್ಲ, ಕಣಿವೆಯ ಹವೆ ಹಠಾತ್ತಾಗಿ ಬದಲಾಗಿ, ವಿಮಾನವು ಮೋಡದೊಳಗೆ ಹೊಕ್ಕು, ಚಾಲಕನಿಗೆ ದಿಕ್ಕು ತಪ್ಪಿತೆಂದು 2022ರ ಜನವರಿಯಲ್ಲಿ ವಿಚಾರಣೆಯ ಸಾರಾಂಶವು ಪ್ರಕಟವಾಯಿತು. 2024ರಲ್ಲಿ ಸಂಸತ್ತಿನ ಸಮಿತಿಯ ವರದಿಯು ಇದನ್ನು ಸಿಬ್ಬಂದಿಯ ಮಾನವದೋಷವೆಂದು ನಮೂದಿಸಿತು. ಹೆಸರು ಏನೇ ಇರಲಿ, ಸುಸ್ಥಿತಿಯಲ್ಲಿದ್ದ ವಿಮಾನವು ಕಾಣದ ಬೆಟ್ಟಕ್ಕೆ ಬಡಿಯಿತೆಂಬುದು ನಿಜ. 2025ರ ಜೂನ್ 15ರ ಬೆಳಗ್ಗೆ ಕೇದಾರನಾಥದಿಂದ ಮರಳುತ್ತಿದ್ದ ಹೆಲಿಕಾಪ್ಟರು ಗೌರೀಕುಂಡದ ಬಳಿ ಬಿದ್ದು ಏಳು ಜೀವಗಳು ಹೋದಾಗಲೂ ಕಣಿವೆಯಲ್ಲಿ ಮೋಡ ಕವಿದಿತ್ತು.

ಇಂತಹ ವಿಪತ್ತಿಗೆ ಒಂದು ಉಪಾಯವು ಈಗ ಅಂಗೈಯಗಲದ ಫಲಕದಲ್ಲಿಯೇ ದೊರೆಯುತ್ತಿದೆ. ಉಪಗ್ರಹವು ವಿಮಾನದ ಸ್ಥಾನವನ್ನೂ ಎತ್ತರವನ್ನೂ ತಿಳಿಸುತ್ತದೆ. ಆ್ಯಪಿನಲ್ಲಿರುವ ನೆಲದ ಎತ್ತರದ ನಕ್ಷೆಯೊಡನೆ ಅದನ್ನು ಹೋಲಿಸಿ, ಕೆಳಗೆ ಸಾವಿರ ಅಡಿಯೊಳಗಿರುವ ಬೆಟ್ಟವನ್ನು ಹಳದಿಯಾಗಿಯೂ, ಕೇವಲ ನೂರು ಅಡಿ ಕೆಳಗಿನದನ್ನೂ ವಿಮಾನಕ್ಕಿಂತ ಎತ್ತರವಾದುದನ್ನೂ ಕೆಂಪಾಗಿಯೂ ತೋರಿಸುವುದು ವಾಡಿಕೆ. ಮೋಡದಲ್ಲಿ ಕಣ್ಣಿಗೆ ಕಾಣದ ಶಿಖರವು ಫಲಕದಲ್ಲಿ ಕಾಣುತ್ತದೆ.

ಆದರೆ ಈ ಬಣ್ಣಗಳನ್ನು ನಂಬಿ ಮೋಡವನ್ನು ಹೊಗುವವನು ಹಗ್ಗವನ್ನು ಬಿಟ್ಟು ಅದರ ನೆರಳನ್ನು ಹಿಡಿದಂತೆ. ನಕ್ಷೆಗೆ ಗುಡ್ಡ ತಿಳಿದೀತು, ನಿನ್ನೆ ಎಳೆದ ತಂತಿ ತಿಳಿಯದು. ಆಳವಾದ ಕಣಿವೆಯಲ್ಲಿ ಉಪಗ್ರಹದ ಸಂಕೇತವು ಕುಗ್ಗಬಹುದು. ಎತ್ತರದ ತೆಳುಗಾಳಿಯಲ್ಲಿ ಯಂತ್ರಕ್ಕೆ ಮೇಲೇರುವ ಶಕ್ತಿ ಉಳಿದಿದೆಯೇ ಎಂಬುದನ್ನು ಬಣ್ಣವು ಹೇಳಲಾರದು. ಕೆಂಪು ಕಂಡಮೇಲೆ ತಿರುಗುವುದಕ್ಕಿಂತ, ಮೋಡ ಕಂಡೊಡನೆ ತಿರುಗುವುದೇ ವಿವೇಕ.

ಈ ವಿಷಯದಲ್ಲಿ ಬೆಂಗಳೂರಿನವರು ಕೈಕಟ್ಟಿ ಕುಳಿತವರಲ್ಲ. 2005ರಲ್ಲಿ ಹಾರಿದ ಕಾರ್ಟೋಸ್ಯಾಟ್-1 ಉಪಗ್ರಹವು ವಿಮಾನಪುರದ ಕೇಂದ್ರದಲ್ಲಿಯೇ ಸಿದ್ಧವಾದುದು. ಅದರ ಎರಡು ಕ್ಯಾಮೆರಾಗಳು ತೆಗೆದ ಚಿತ್ರಗಳಿಂದ ದೇಶದ ನೆಲದ ಏರಿಳಿತದ ನಕ್ಷೆ ರಚಿತವಾಯಿತು. ಉಪಗ್ರಹದ ಸ್ಥಾನಸೂಚನೆಯಲ್ಲಿನ ತಪ್ಪನ್ನು ತಿದ್ದುವ ಗಗನ್ ವ್ಯವಸ್ಥೆಯ ನಿಯಂತ್ರಣ ಕೇಂದ್ರವು ಕುಂದಲಹಳ್ಳಿಯಲ್ಲಿದೆ. ಸ್ವದೇಶದ ಬುದ್ಧಿಯೇ ಗಳಿಸಿದ ಈ ಸಂಪತ್ತು ಸ್ವದೇಶದ ಯಾತ್ರಿಕನ ಪ್ರಾಣಕ್ಕೆ ಒದಗದಿದ್ದರೆ ಫಲವೇನು?

ಆದುದರಿಂದ ಮೂರು ಕಾರ್ಯಗಳು ಅವಶ್ಯವೆಂದು ನಾವು ಸರ್ಕಾರದವರಿಗೆ ಅರಿಕೆ ಮಾಡುತ್ತೇವೆ. ಬೆಟ್ಟಸೀಮೆಯಲ್ಲಿ ಪ್ರಯಾಣಿಕರನ್ನು ಒಯ್ಯುವ ಪ್ರತಿಯೊಂದು ಹೆಲಿಕಾಪ್ಟರಿನಲ್ಲಿಯೂ, ಆ್ಯಪು ಮಾತ್ರವಲ್ಲದೆ, ಪರೀಕ್ಷಿಸಿ ಪ್ರಮಾಣೀಕರಿಸಿದ ಭೂಸೂಚಕ ಯಂತ್ರವೂ ಇರಬೇಕು. ತಂತಿ, ಗೋಪುರ, ರೋಪ್‌ವೇಗಳನ್ನು ಕಟ್ಟುವವರು ಅವುಗಳ ಎತ್ತರವನ್ನು ಕೂಡಲೇ ನಕ್ಷೆಗೆ ಸೇರಿಸತಕ್ಕದ್ದು. ಹವೆ ಕೆಟ್ಟಿತೆಂದು ಮರಳಿದ ಚಾಲಕನ ಸಂಬಳಕ್ಕಾಗಲಿ ಕೆಲಸಕ್ಕಾಗಲಿ ಯಾವ ಮಾಲೀಕನೂ ಕೈಹಚ್ಚಕೂಡದು. ಮೂರನೆಯದಿಲ್ಲದಿದ್ದರೆ ಮೊದಲಿನೆರಡೂ ಗೋಡೆಯ ಚಿತ್ರವಾದಾವು. ಏಕೆಂದರೆ ಎಚ್ಚರಿಕೆಯ ಧ್ವನಿ ಎಷ್ಟು ಗಟ್ಟಿಯಾಗಿದ್ದರೂ, ಅದನ್ನು ಪಾಲಿಸುವ ಸ್ವಾತಂತ್ರ್ಯವಿಲ್ಲದವನಿಗೆ ಅದರಿಂದ ರಕ್ಷಣೆಯಿಲ್ಲ.