ಹೊಟ್ಟೆಗೆ ತೂಕ, ಮೈಗೆ ಮೊತ್ತ: ಸಂಘದ ಊಟವೂ ಸಕ್ಕರೆ ಕಾಯಿಲೆಯೂ

ಬೆಸೆಂಟ್ ನಗರದ ಎಲಿಯಟ್ಸ್ ಬೀಚ್‌ಗೆ ಬೆಳಗಿನ ನಡಿಗೆಗೆ ಬರುವವರಲ್ಲಿ ನಮ್ಮ ಕನ್ನಡಿಗರೂ ಇದ್ದಾರೆ. ಮಾತು ಬೇಗನೆ ಶುಗರ್ ಕಡೆಗೆ ಹೊರಳುತ್ತದೆ. ನಡಿಗೆ ಮುಗಿಸಿ ಹೋಟೆಲಿನಲ್ಲಿ ತುಪ್ಪದ ಪೊಂಗಲ್, ವಡೆ ತರಿಸಿಕೊಳ್ಳುವುದೂ ಉಂಟು.

ಚೆನ್ನೈಯ ವಯಸ್ಕರಲ್ಲಿ 1989ರಲ್ಲಿ ಶೇ. 8.3ರಷ್ಟಿದ್ದ ಮಧುಮೇಹ 2004ರ ವೇಳೆಗೆ ಶೇ. 14.3ಕ್ಕೆ ಏರಿದ್ದನ್ನು ಇಲ್ಲಿನ ಮದ್ರಾಸ್ ಮಧುಮೇಹ ಸಂಶೋಧನಾ ಪ್ರತಿಷ್ಠಾನ ತೋರಿಸಿತ್ತು. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ.

ಸಕ್ಕರೆ ಬಿಟ್ಟರೆ ಸಾಕೆಂಬ ನಂಬಿಕೆ ನಮ್ಮಲ್ಲಿದೆ. ಆದರೆ ಒಂದು ಗ್ರಾಂ ಆಹಾರದಲ್ಲಿ ಎಷ್ಟು ಕ್ಯಾಲೊರಿ ಇದೆ ಎಂಬುದೂ ಮುಖ್ಯ. ಇದೇ ಶಕ್ತಿ ಸಾಂದ್ರತೆ. ನೂರು ಗ್ರಾಂ ಸೌತೆಕಾಯಿಯಲ್ಲಿ ಸುಮಾರು 15 ಕ್ಯಾಲೊರಿ, ಅನ್ನದಲ್ಲಿ 130, ತುಪ್ಪದಲ್ಲಿ 900. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಚಿಲ್ಲರೆಯ ಚೀಲ ಭಾರ, ಮೊತ್ತ ಕಡಿಮೆ. ಐನೂರರ ನೋಟಿನ ಕಟ್ಟು ಹಗುರ, ಮೊತ್ತ ಹೆಚ್ಚು. ಹೊಟ್ಟೆ ತುಂಬಿತೆನ್ನುವುದು ಹೆಚ್ಚಾಗಿ ತೂಕ ನೋಡಿ. ಮೈಗೆ ಜಮಾ ಆಗುವುದು ಮೊತ್ತ. ಹೆಚ್ಚಾದದ್ದು ಬೊಜ್ಜಾಗಿ ಸೊಂಟದ ಸುತ್ತ ಸೇರುತ್ತದೆ, ಇನ್ಸುಲಿನ್‌ನ ಕೆಲಸ ಕುಂದುತ್ತದೆ.

ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ ಸುಮಾರು 22 ಸಾವಿರ ಮಂದಿಯನ್ನು 12 ವರ್ಷ ಗಮನಿಸಿದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಅತಿ ಸಾಂದ್ರ ಆಹಾರ ಸೇವಿಸುತ್ತಿದ್ದ ಐದನೇ ಒಂದು ಭಾಗದವರಿಗೆ, ಅತಿ ಕಡಿಮೆ ಸಾಂದ್ರತೆಯ ಆಹಾರ ಸೇವಿಸುತ್ತಿದ್ದ ಐದನೇ ಒಂದು ಭಾಗದವರಿಗಿಂತ ಮಧುಮೇಹದ ಅಪಾಯ ಸುಮಾರು ಶೇ. 60ರಷ್ಟು ಹೆಚ್ಚಿತ್ತು. ಇದು ಸಂಬಂಧವನ್ನು ತೋರಿಸುತ್ತದೆಯೇ ಹೊರತು ಇದೇ ಕಾರಣವೆಂದು ಸಾಬೀತುಪಡಿಸುವುದಿಲ್ಲ.

ಈ ಅಳತೆಗೂ ಮಿತಿಯಿದೆ. ಸಿಹಿ ಪಾನೀಯದಲ್ಲಿ ನೀರೇ ಹೆಚ್ಚಾದ್ದರಿಂದ ಸಾಂದ್ರತೆ ಕಡಿಮೆ, ಆದರೂ ಅದು ಕೆಡುಕೇ. ಕಡಲೆಕಾಯಿ ಸಾಂದ್ರ, ಆದರೂ ಒಂದು ಹಿಡಿ ತಿಂದರೆ ತಪ್ಪಿಲ್ಲ. ಬಿಳಿ ಅನ್ನದ ಸಾಂದ್ರತೆ ಹೆಚ್ಚೇನಲ್ಲ. ಆದರೆ ಪಾಲಿಶ್ ಮಾಡಿದ ಅಕ್ಕಿಯಲ್ಲಿ ನಾರು ಕಡಿಮೆ, ನಾವು ಉಣ್ಣುವ ಪ್ರಮಾಣ ಹೆಚ್ಚು, ರಕ್ತದ ಸಕ್ಕರೆ ಬೇಗ ಏರುತ್ತದೆ. ಸಂಸ್ಕರಿಸಿದ ಧಾನ್ಯ ಹೆಚ್ಚು ತಿನ್ನುವವರಲ್ಲಿ ಮಧುಮೇಹ ಹೆಚ್ಚೆಂದು ಚೆನ್ನೈಯ ಅಧ್ಯಯನವೇ ಹೇಳಿದೆ.

ಇನ್ನು ನಮ್ಮ ಸಂಘಗಳ ಹಬ್ಬದೂಟ. ಎಲೆಯ ತುದಿಗೆ ಚಿಟಿಕೆ ಕೋಸಂಬರಿ, ಒಂದು ಚಮಚ ಪಲ್ಯ; ಆಮೇಲೆ ಚಿತ್ರಾನ್ನ, ಬೋಂಡ, ತುಪ್ಪ ಸುರಿದ ಹೋಳಿಗೆ, ಅದೂ ಒತ್ತಾಯಪೂರ್ವಕವಾಗಿ. ಮಾತ್ರೆ ನುಂಗಿ ಪಂಕ್ತಿಗೆ ಕೂರುವವರು ನಮ್ಮಲ್ಲಿ ಎಷ್ಟು ಮಂದಿ! ಅವರ ಪಥ್ಯ ವೈದ್ಯರಿಗೆ ಬಿಟ್ಟದ್ದು, ಬಡಿಸುವ ಕೈ ಮಾತ್ರ ನಮ್ಮದು.

ಹೋಳಿಗೆ ಬೇಡವೆಂದಲ್ಲ. ಒಂದು ಸಾಕು, ತುಪ್ಪ ಕೇಳಿದವರಿಗಷ್ಟೇ ಇರಲಿ. ಎರಡನೇ ಸಲ ಪಂಕ್ತಿಗೆ ಬರುವ ಪಾತ್ರೆಯಲ್ಲಿ ಕೋಸಂಬರಿಯಿರಲಿ. ಮುಂದಿನ ಯುಗಾದಿಗೆ ಕಾರ್ಯಕಾರಿ ಸಮಿತಿಗಳು ಇಷ್ಟನ್ನು ಯೋಚಿಸಬಾರದೇ?