ಕಿಡಿ ಹಾರದ ಸುರುಳಿಯೂ ಒಂದು ಪಾಠ

ಶಾಲೆಗಳ ವಿಜ್ಞಾನ ಪ್ರದರ್ಶನದಲ್ಲಿ ಕೆಲಸ ಮಾಡುವ ಉಪಕರಣಕ್ಕೆ ಬಹುಮಾನ ದೊರೆಯುತ್ತದೆ. ಮಾಡದ ಉಪಕರಣವು ಮೇಜಿನ ಕೆಳಗೆ ಸೇರುತ್ತದೆ. ಈ ರೂಢಿ ಬದಲಾಗಬೇಕೆಂಬುದು ನನ್ನ ಅಭಿಪ್ರಾಯ. ಕಾರಣವನ್ನು ನನ್ನದೇ ತಪ್ಪಿನಿಂದ ಹೇಳುವೆನು.

ಹಲವು ವರ್ಷಗಳ ಹಿಂದೆ, ಕುಮಟಾ ಬಳಿಯ ಶಾಲೆಯೊಂದರಲ್ಲಿ ನಾನು ಅಧ್ಯಾಪಕನಾಗಿದ್ದಾಗ, ವಿದ್ಯಾರ್ಥಿಯೊಬ್ಬನು ಪ್ರೇರಣಾ ಸುರುಳಿಯೊಂದನ್ನು ತಾನೇ ಸುತ್ತಿದ್ದನು. ಕಬ್ಬಿಣದ ತಂತಿಗಳ ಕಂತೆಯ ಮೇಲೆ ದಪ್ಪ ತಾಮ್ರದ ತಂತಿ, ಅದರ ಮೇಲೆ ಮೇಣ ಸವರಿದ ಕಾಗದ, ಆಮೇಲೆ ಕೂದಲೆಳೆಯಂಥ ತಂತಿಯ ಸಾವಿರಾರು ಸುತ್ತು. ಪ್ರವಾಹವನ್ನು ಕಡಿದು ಕೂಡಿಸಲು ವಿದ್ಯುತ್ ಗಂಟೆಯ ಮಾದರಿಯ ಕಂಪಕ. ಮಾಘದಲ್ಲಿ 5 ಮಿಲಿಮೀಟರಿನ ಕಿಡಿ ಹಾರುತ್ತಿತ್ತು. ಶ್ರಾವಣದಲ್ಲಿ ನಡೆದ ಪ್ರದರ್ಶನದ ದಿನ ಕಿಡಿಯೇ ಇಲ್ಲ. ಅತಿಥಿಗಳು ಬರುವ ಹೊತ್ತಾಯಿತೆಂದು ನಾನು ಅದನ್ನು ತೆಗೆಸಿ, ಕೊಂಡುತಂದ ಸುರುಳಿಯನ್ನು ಇಡಿಸಿದೆನು. ಹುಡುಗನು ಮರುಮಾತಾಡಲಿಲ್ಲ.

ದೋಷವನ್ನು ಹುಡುಕುವುದಕ್ಕೆ ಒಂದು ಕ್ರಮವಿದೆ. ಮೊದಲು ಕಂಪಕದ ಸಂಪರ್ಕಬಿಂದುಗಳು ಸುಟ್ಟು ಕಪ್ಪಾಗಿವೆಯೇ ಎಂದು ನೋಡಬೇಕು. ಅಲ್ಲಿಯೇ ದೊಡ್ಡ ಕಿಡಿ ಎದ್ದು, ಹೊರತುದಿಗಳಲ್ಲಿ ಏನೂ ಇಲ್ಲದಿದ್ದರೆ, ಅವುಗಳಿಗೆ ಅಡ್ಡವಾಗಿ ಜೋಡಿಸಿದ ಕಂಡೆನ್ಸರು ಕೆಟ್ಟಿರಬಹುದು. ಇದನ್ನು ಹೀಗೆ ಜೋಡಿಸುವ ಉಪಾಯವನ್ನು 1853ರಲ್ಲಿ ಸೂಚಿಸಿದವನು ಫ್ರಾನ್ಸಿನ ಫಿಜೋ. ಸುರುಳಿಯ ಒಳಗಿಂದ ಚಟಪಟ ಸದ್ದು ಬಂದರೆ ಒಳಸುತ್ತುಗಳ ಹೊದಿಕೆ ಹರಿದಿದೆಯೆಂದು ಶಂಕಿಸಬೇಕು. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು.

ಇವೆಲ್ಲ ಸರಿಯಿದ್ದರೆ, ಭಟ್ಕಳ, ಹೊನ್ನಾವರ, ಕುಮಟಾಗಳ ನಮ್ಮ ಕರಾವಳಿಯಲ್ಲಿ ನೋಡಬೇಕಾದುದು ಹೊರಮೈಯನ್ನು. ತೇವದ ಗಾಳಿಯೇ ಕಿಡಿಯನ್ನು ಕೆಡಿಸುವುದೆಂದು ಹೇಳುವುದುಂಟು. ಆದರೆ ಗಾಳಿಯ ಒಂದು ಮಿಲಿಮೀಟರನ್ನು ಭೇದಿಸಲು ಸುಮಾರು 3,000 ವೋಲ್ಟ್ ಬೇಕೆಂಬ ಲೆಕ್ಕವನ್ನು ತೇವವು ಹೆಚ್ಚು ಬದಲಿಸದು. ಕಡಲಿನಿಂದ ಬಂದ ಉಪ್ಪಿನ ಕಣಗಳು ಮರದ ಪೀಠದ ಮೇಲೆ ಕುಳಿತು, ಆರ್ದ್ರತೆ ಶೇಕಡಾ 75 ದಾಟಿತೆಂದರೆ ನೀರನ್ನು ಹೀರಿ ಕರಗುತ್ತವೆ. ಆ ತೆಳುಪೊರೆಯ ಮೂಲಕ ವಿದ್ಯುತ್ತು ಕಿಡಿಯಾಗುವ ಮುನ್ನವೇ ಸೋರಿಹೋಗುತ್ತದೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ನೀರೊಡೆಯುವುದನ್ನು ಕಂಡ ಮಗುವಿಗೆ ಇದನ್ನು ತಿಳಿಸುವುದು ಕಷ್ಟವಲ್ಲ. ಕಡಲಂಚಿನ ವಿದ್ಯುತ್ ಕಂಬಗಳ ಪಿಂಗಾಣಿ ಬಟ್ಟಲುಗಳಿಗೂ ಇದೇ ಪೀಡೆ.

ಅಂದು ಸಂಜೆ ನಾನು ಸುರುಳಿಯ ಹೊರಮೈಯನ್ನೂ ಪೀಠವನ್ನೂ ಒದ್ದೆಬಟ್ಟೆಯಿಂದ ಒರೆಸಿ, ಹದವಾದ ಶಾಖದಲ್ಲಿ ಒಣಗಿಸಿದೆನು. ಕಿಡಿ ಹಾರಿತು. ನೋಡಬೇಕಾದವನು ಆಗಲೇ ಮನೆಗೆ ಹೋಗಿದ್ದನು. ಆ ಬಳಿಕ ಅವನು ಏನನ್ನೂ ಕಟ್ಟಿ ತರಲಿಲ್ಲ.

ಇಂಥ ಪ್ರಯೋಗಗಳು ಅಪಾಯವೆಂದು ನಿಷೇಧಿಸುವವರಿದ್ದಾರೆ. ಅಪಾಯವುಂಟು. ಮನೆಯ ವಿದ್ಯುತ್ ಸಂಪರ್ಕವನ್ನು ಇದಕ್ಕೆ ಎಂದೂ ಬಳಸಬಾರದು. ಬ್ಯಾಟರಿಯನ್ನು ಕಳಚದೆ ಯಾವುದನ್ನೂ ಮುಟ್ಟಬಾರದು. ಕಳಚಿದ ಮೇಲೂ ಕಂಡೆನ್ಸರು ವಿದ್ಯುತ್ತನ್ನು ಹಿಡಿದಿರುವುದರಿಂದ ಅಧ್ಯಾಪಕರೇ ಅದನ್ನು ಬರಿದುಮಾಡಬೇಕು. ಆದರೆ ಶಾಲೆಯು ತಿರಸ್ಕರಿಸಿದ ಸುರುಳಿಯನ್ನು ಹುಡುಗನು ಮನೆಯಲ್ಲಿ ಒಂಟಿಯಾಗಿ ಬಿಚ್ಚಿದರೆ, ಅದು ಇನ್ನೂ ದೊಡ್ಡ ಅಪಾಯವಲ್ಲವೇ?

ಆದುದರಿಂದ ಪ್ರತಿಯೊಂದು ಪ್ರದರ್ಶನದಲ್ಲಿಯೂ ಕೆಲಸ ಮಾಡದ ಉಪಕರಣಗಳಿಗೆ ಒಂದು ಮೇಜು ಮೀಸಲಾಗಲಿ. ಪಕ್ಕದಲ್ಲಿ ದೋಷವನ್ನು ಹುಡುಕಿದ ಬಗೆಯನ್ನು ಬರೆದ ಪುಸ್ತಕವಿರಲಿ. ಬಹುಮಾನ ಅದಕ್ಕೂ ಸಲ್ಲಲಿ. ಕಾಯಕವನ್ನು ಶ್ರೇಷ್ಠವೆಂದು ಸಾರಿ, ಅನುಭವ ಮಂಟಪದಲ್ಲಿ ಪ್ರಶ್ನೆಗೆ ಪೀಠವಿತ್ತ ಶರಣರ ಹೆಸರಿನಲ್ಲಿ ನಡೆಯುವ ಶಾಲೆಗಳಿಗೆ ಇದು ಹೊಸ ಮಾತೇನೂ ಅಲ್ಲ. ಶ್ರೀಮಠದ ಶಾಲೆಯೇ ಇದಕ್ಕೆ ಮೊದಲಾಗಲಿ.